ಮೂರನೇ ರೂಬಿ

"ಮೇಡಮ್ಮ ಅಲ್ಲ ಕಣೇ ಕತ್ತೆ, ಮ್ಯಾಮ್. ಹೇಳು, ಮ್ಯಾಮ್," ಎಂದಳು ಬ್ಯೂಟಿ ಪಾರ್ಲರಿನ ಒಡತಿ.

ಕುಳ್ಳಿ ಪ್ರಯತ್ನಪಟ್ಟಳು. ಬಂದದ್ದು "ಮ್ಯಾ" ಅಷ್ಟೇ. ಬಿಸಿನೀರಿನ ಟಬ್ಬಿನಲ್ಲಿ ಕಾಲಿಳಿಬಿಟ್ಟು ಕೂತಿದ್ದ ಡೈರೆಕ್ಟರ್ ಹೆಂಡತಿ ಕಿಸಕ್ಕನೆ ನಕ್ಕಳು. ಕುಳ್ಳಿಯೂ ನಕ್ಕಳು. ಆಡಿನ ಹಾಗೆ ಕೂಗಿದ ಮೇಲೆ ನಗದೆ ಇರುವುದು ಹೇಗೆ? ಮಂಡಿಯೂರಿ ಆಕೆಯ ಹಿಮ್ಮಡಿ ಉಜ್ಜುತ್ತಾ, ಇದೇ ಕಲ್ಲಿನಲ್ಲಿ ನನ್ನ ನಾಲಗೆಯನ್ನೂ ಒಂದು ಸಲ ತಿಕ್ಕಬೇಕು ಅಂದುಕೊಂಡಳು.

ಒಡತಿಗೆ ಮೇಡಂ ಅಂದರೂ ಆಗದು. ಮೇಡಂ ಅಂದರೆ ಸ್ಕೂಲ್ ಟೀಚರಂತೆ. ಆಂಟಿ ಅಂದ ಒಬ್ಬಳು ಅವತ್ತೇ ಕೆಲಸ ಕಳಕೊಂಡಿದ್ದಳು. ಡೈರೆಕ್ಟರ್ ಹೆಂಡತಿಗೆ ಸ್ವಂತ ಹೆಸರಿತ್ತೋ ಇಲ್ಲವೋ, ಎಲ್ಲರಿಗೂ ಆಕೆ ಮಿಸಸ್ ಡೈರೆಕ್ಟರ್.

ಕುಳ್ಳಿ ಸೇರಿದ ದಿನ ಒಡತಿ ಅವಳ ನಿಜವಾದ ಹೆಸರು ಕೇಳಿ ಮೂಗು ಮುರಿದಿದ್ದಳು. "ಇದನ್ನ ಕೇಳಿದ್ರೆ ಸಾಕು, ಯಾವ ಕೇರಿಯವಳು ಅಂತ ಗೊತ್ತಾಗುತ್ತೆ. ನಿನ್ನ ಮುಂದೆ ಯಾರು ಕಾಲು ಚಾಚ್ತಾರೆ?" ಎಂದು ಡ್ರಾಯರಿನಿಂದ ಒಂದು ಹೆಸರಿನ ಬ್ಯಾಡ್ಜು ತೆಗೆದು ಅವಳ ಎದೆಗೆ ಚುಚ್ಚಿದಳು. ರೂಬಿ. ಅದನ್ನು ತೊಟ್ಟಿದ್ದ ಇಬ್ಬರು ಆಗಲೇ ಬಿಟ್ಟುಹೋಗಿದ್ದರು. "ಸವೆದ ಚಪ್ಪಲಿ ಬೇಗ ಹೊಂದುತ್ತೆ ಬಿಡ್ರೋ," ಎಂದು ಕುಳ್ಳಿ ಮನೆಯಲ್ಲಿ ಎಲ್ಲರನ್ನೂ ನಗಿಸಿದ್ದಳು. ಹಾಸಿಗೆ ಹಿಡಿದಿದ್ದ ಅಮ್ಮ ಮಾತ್ರ ನಗಲಿಲ್ಲ. "ನಾನಿಟ್ಟ ಹೆಸರಿಗೆ ಏನಾಗಿತ್ತೇ ರೋಗ?" ಅಂದಿದ್ದಳು.

ಕೆಲಸದ ಹೊತ್ತಿನಲ್ಲಿ ಎಲ್ಲರ ಮೊಬೈಲೂ ಒಡತಿಯ ಕಪಾಟಿನಲ್ಲಿ. ಆ ಮಧ್ಯಾಹ್ನ ಮುಂಬಾಗಿಲ ಮೇಜಿನ ಫೋನು ಮೇಲಿಂದ ಮೇಲೆ ಬಡಕೊಂಡಿತು. ಮೇಜಿನವಳ ಸಿಡುಕು ಒಳಗಿನ ಕೋಣೆಯವರೆಗೂ ಕೇಳಿಸಿತು. "ಆ ಹೆಸರಿನವರು ಯಾರೂ ಇಲ್ಲಿಲ್ಲ ರೀ. ಎಷ್ಟು ಸಲ ಬಡ್ಕೊಳ್ಳೋದು? ರಾಂಗ್ ನಂಬರ್."

"ಯಾವ ಮುಂಡೇನೋ ಕಳೆದುಹೋಗಿದ್ದಾಳೆ ನೋಡು," ಎಂದಳು ಕುಳ್ಳಿ, ಪಕ್ಕದ ಟಬ್ಬಿನಲ್ಲಿ ಗಿರಾಕಿಯ ಕಾಲು ತೊಳೆಯುತ್ತಿದ್ದ ಲಿಲ್ಲಿಗೆ. ಇಬ್ಬರೂ ಬಾಯಿಗೆ ತೋಳು ಅಡ್ಡ ಇಟ್ಟುಕೊಂಡು ನಕ್ಕರು.

ಸಂಜೆ ಹೋದಾಗ ಮನೆ ಮುಂದೆ ಜನ. ತಮ್ಮ ಬಂದು ಅವಳ ಭುಜ ಹಿಡಿದು ಅಲ್ಲಾಡಿಸಿದ.

"ಎಲ್ಲಿ ಸತ್ತಿದ್ದೆ ಅಕ್ಕಾ? ಅಮ್ಮ ಕಡೇವರೆಗೂ ನಿನ್ನನ್ನೇ ಕೇಳ್ತಿದ್ಲು. ಪಾರ್ಲರಿಗೆ ಫೋನ್ ಮಾಡಿ ನಿನ್ನ ಹೆಸರು ಹೇಳಿ ಹೇಳಿ ಗಂಟಲು ಹರ್ಕೊಂಡೆ. ಆ ಬ್ಯಾಡ್ಜಿನ ಹೆಸರು ಗಾಬರೀಲಿ ನೆನಪಾಗ್ಲೇ ಇಲ್ಲ. ಅಂಥವಳೇ ಇಲ್ಲ ಅಂದ್ರಲ್ಲ."

ಕುಳ್ಳಿ ಅಮ್ಮನ ಕಾಲ ಬಳಿ ಕೂತಳು. ಹಿಮ್ಮಡಿ ಬತ್ತಿದ ಕೆರೆಯಂತೆ ಬಿರಿದಿತ್ತು. ಊರವರ ಕಾಲೆಲ್ಲ ನುಣ್ಣಗೆ ಮಾಡಿದ ಕೈ ಇದನ್ನು ಮುಟ್ಟಿರಲಿಲ್ಲ. ಫೋನು ಬಂದದ್ದು ನನಗೇ, ನಕ್ಕವಳೂ ನಾನೇ. ಎಂಥ ಜಾಣೆಯನ್ನು ಹೆತ್ತೆ ಅಮ್ಮಾ, ಅಂದುಕೊಂಡಳು.

ಮಣ್ಣು ಮಾಡಿ ಬಂದು, ಮತ್ತೆ ಕೆಲಸಕ್ಕೆ ಹೋದಳು. ಹೊಟ್ಟೆ ಕೇಳಬೇಕಲ್ಲ. ಒಡತಿ ಬಾಗಿಲಲ್ಲೇ ನಿಂತಿದ್ದಳು.

"ಹೇಳ್ದೆ ಕೇಳ್ದೆ ಚಕ್ಕರ್ ಹೊಡೆಯೋಕೆ ಇದೇನು ನಿಮ್ಮಪ್ಪನ ಮನೇನಾ?"

"ನಮ್ಮಮ್ಮ ಹೋಗ್ಬಿಟ್ಲು."

"ಅಯ್ಯೋ ಪಾಪ. ಸರಿ, ಬೇಗ ಕೈ ತೊಳ್ಕೊ. ಮಿಸಸ್ ಡೈರೆಕ್ಟರ್ ಕಾಯ್ತಿದ್ದಾರೆ."

ಕುಳ್ಳಿ ಒಳಗೆ ಹೋಗಲಿಲ್ಲ. ಮೇಜಿನವಳ ಎದುರು ನಿಂತು ತನ್ನ ಹೆಸರು ಹೇಳಿದಳು. ಅವಳು ಮಿಕಿಮಿಕಿ ನೋಡಿದಳು. ಕುಳ್ಳಿ ಇನ್ನೊಮ್ಮೆ ಹೇಳಿದಳು, ಅಪ್ಪನ ಹೆಸರು, ಕೇರಿಯ ಹೆಸರು ಎಲ್ಲ ಸೇರಿಸಿ.

"ಈಗ ನೀನು ಹೇಳು. ನಿನ್ನ ಬಾಯಲ್ಲಿ ಬರೋವರೆಗೂ ನಾನು ಕದಲಲ್ಲ."

"ತಲೆ ಕೆಟ್ಟಿದೆಯೇನೇ ನಿಂಗೆ?" ಒಡತಿ ಅವಳ ರಟ್ಟೆ ಹಿಡಿದೆಳೆದಳು.

"ಇದ್ರೆ ತಾನೇ ಕೆಡೋಕೆ," ಎಂದ ಕುಳ್ಳಿ ಮೇಜನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮೇಜಿನವಳು ತಡವರಿಸುತ್ತಾ ಆ ಹೆಸರು ಹೇಳಿದಳು. ಅಷ್ಟರಲ್ಲಿ ಲಿಲ್ಲಿ ಕೈಯ ಸೋಪಿನ ನೊರೆಯ ಸಮೇತ ಬಂದು ತನ್ನ ನಿಜವಾದ ಹೆಸರು ಹೇಳಿದಳು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದ ಕುಳ್ಳಿಗೂ ಅದು ಗೊತ್ತಿರಲಿಲ್ಲ. ಅವಳ ಹಿಂದೆ ಕೂದಲು ಕತ್ತರಿಸುವ ಡೈಸಿ ಬಂದು ತನ್ನದನ್ನು ಹೇಳಿದಳು. ಆಮೇಲೆ ನೆಲ ಒರೆಸುವ ಮುದುಕಿ.

ಒಳಗೆ ಮಿಸಸ್ ಡೈರೆಕ್ಟರ್ ಒದ್ದೆ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ರೂಬಿ, ಲಿಲ್ಲಿ, ಡೈಸಿ ಎಂದು ಒಂದೇ ಸಮನೆ ಕರೆಯುತ್ತಿದ್ದಳು. ಟಬ್ಬಿನ ನೀರು ತಣ್ಣಗಾಗುತ್ತಿತ್ತು.