ನಡುಗದ ಕೈ

ದುಮ್ಯಾತಿನವರು ಜಿಪುಣರು ಎಂದು ಇಡೀ ಈಜಿಪ್ಟ್ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಈ ಊರಿನಲ್ಲಿ ಗಂಡ-ಹೆಂಡಿರ ಮೊಕದ್ದಮೆ ನಡೆಸುತ್ತಲೇ ತಲೆ ಬೆಳ್ಳಗಾದ ವಕೀಲೆ ನಾನು, ಹೇಳುತ್ತೇನೆ ಕೇಳಿ: ನಮ್ಮವರು ದುಡ್ಡಿಗೆ ಜಿಪುಣರಲ್ಲ, ಮಾತಿಗೆ. ಬೈಗುಳ ಬೇಕಾದಷ್ಟು ಸಿಗುತ್ತದೆ. ಆಡಬೇಕಾದ ಒಂದು ಮಾತು ಮಾತ್ರ ಗಂಟಲು ದಾಟುವುದಿಲ್ಲ.

ಇನ್ಶಿರಾಹ್ ನನ್ನ ಕಚೇರಿಗೆ ಬಂದಾಗ ಅವಳಿಗೆ ತಲಾಖ್ ಆಗಿ ವಾರ ಕಳೆದಿತ್ತು. ಐವತ್ತು ದಾಟಿದ ಹೆಂಗಸು. ಗಂಡ ಬದೀರ್ ಮರಗೆಲಸದವನು, ಊರೆಲ್ಲ 'ಉಸ್ತಾ' ಎಂದು ಗೌರವದಿಂದ ಕರೆಯುವ ಕಸುಬುದಾರ. ಮನೆಗೊಬ್ಬ ಬಡಗಿ ಇರುವ ಈ ಊರಿನಲ್ಲಿ ಹಾಗೆ ಕರೆಸಿಕೊಳ್ಳುವುದು ಸಣ್ಣ ಮಾತಲ್ಲ.

"ಏನಾಯ್ತಕ್ಕ?" ಎಂದೆ.

"ಕೈರೋದಿಂದ ಗಿರಾಕಿಗಳು ಬಂದಿದ್ರು ವಕೀಲಮ್ಮ. ಇವರು ದಿನವೆಲ್ಲ ಕೂತು ಕೆತ್ತುತಾರೆ, ಸಂಜೆಗೆ ಕೈ ನಡುಗುತ್ತೆ. ನೋಡಕ್ಕಾಗಲ್ಲ ನಂಗೆ. ಅದಕ್ಕೇ, ಇವರ ಕೈ ಮೊದಲಿನ ಹಾಗಿಲ್ಲ, ಕೆತ್ತನೆ ಮೆಷಿನ್ನಲ್ಲಿ ಮಾಡಿಸ್ಕೊಳ್ಳಿ ಅಂದ್ಬಿಟ್ಟೆ."

"ಗಿರಾಕಿಗಳ ಮುಂದೆ?"

"ಬಾಯಿ ಜಾರ್ತು."

ಬದೀರ್ ಅದೇ ಗಿರಾಕಿಗಳ ಮುಂದೆ ತಲಾಖ್ ಎಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಸಿಟ್ಟು ಇಳಿದ ಮೇಲೆ ಸರಿಹೋಗುತ್ತಿತ್ತೇನೋ. ಹಠಕ್ಕೆ ಬಿದ್ದು ಮರುದಿನ ಖಾಜಿಯ ಬಳಿ ಹೋಗಿ ದಾಖಲೂ ಮಾಡಿಸಿದ. ಅವಳು ಬಟ್ಟೆಯ ಗಂಟು ಹಿಡಿದು ಅಣ್ಣನ ಮನೆ ಸೇರಿದಳು.

ಆದರೆ ಅದು ಒಂದೇ ತಲಾಖ್. ತಲಾಖ್ ಆದ ಹೆಂಗಸು ಕಾಯಬೇಕಾದ ಇದ್ದತ್ತಿನ ಮೂರು ತಿಂಗಳು ಮುಗಿಯುವುದರೊಳಗೆ ಗಂಡ "ನಿನ್ನನ್ನು ವಾಪಸ್ ಕರೆದುಕೊಂಡೆ" ಎಂದರೆ ಸಾಕು, ಸಂಸಾರ ಇದ್ದ ಹಾಗೇ ಮುಂದುವರಿಯುತ್ತದೆ. ಅವಧಿ ಮುಗಿದ ಮೇಲಾದರೆ ಹೊಸ ನಿಕಾಹ್ ಆಗಬೇಕು, ವಧುವಿಗೆ ಹೊಸ ಮೆಹರ್ ಹಣ ಕೊಡಬೇಕು, ಹೆಂಡತಿ ಒಪ್ಪಬೇಕು. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲವೆನ್ನಲು ಜಾಗವಿರಬಾರದೆಂದು ನಾನೇ ಇಬ್ಬರಿಗೂ ಬಿಡಿಸಿ ಹೇಳಿದ್ದೆ.

ಮದುವೆಯಲ್ಲಿ ಕೊಡದೆ ಬಾಕಿ ಉಳಿದ ಮೆಹರ್, ಜೀವನಾಂಶ ಎಲ್ಲವನ್ನೂ ಬದೀರ್ ತಕರಾರಿಲ್ಲದೆ ಒಪ್ಪಿದ. ಮಿಕ್ಕಿದ್ದು ಮನೆ ಸಾಮಾನು. ನಮ್ಮಲ್ಲಿ ಮದುವೆಯ ದಿನವೇ ಗಂಡು ಅದೆಲ್ಲ ಹೆಂಡತಿಯದೆಂದು ಬರೆದುಕೊಡುತ್ತಾನೆ. ಬೇರೆಯಾದರೆ ಸಾಮಾನಾದರೂ ಬರಬೇಕು, ಬೆಲೆಯಾದರೂ ಬರಬೇಕು. ಇನ್ಶಿರಾಹ್ ಎಲ್ಲಕ್ಕೂ ಬೆಲೆ ಒಪ್ಪಿದಳು, ಮಂಚ ಒಂದನ್ನು ಬಿಟ್ಟು.

"ಮಂಚ ನಂಗೆ ಮಂಚವಾಗೇ ಬೇಕು."

"ಅಕ್ಕ, ಅಣ್ಣನ ಮನೇಲಿ ಅದನ್ನ ಇಡೋಕೆ ಜಾಗ ಎಲ್ಲಿದೆ? ದುಡ್ಡು ತಗೋ."

"ಬೇಡ. ಅವರೇ ಕೈಯಾರೆ ಎತ್ತಿಕೊಡ್ಲಿ, ನಾನೂ ಬರ್ತೀನಿ." ಯಾವ ದಿನ ಎಂಬುದನ್ನೂ ಅವಳೇ ಆರಿಸಿದಳು. ಇದ್ದತ್ತಿನ ಕೊನೆಯ ದಿನ. ಆವತ್ತು ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಆದರೆ ಅವಧಿ ಮುಗಿದಂತೆ.

ನನಗೆ ಅರ್ಥವಾಯಿತು. ಅವಳಿಗೆ ಬೇಕಾಗಿದ್ದು ಮಂಚವಲ್ಲ. "ಬಾಯಿ ಬಿಟ್ಟು ಕೇಳ್ಬಾರ್ದಾ?" ಎಂದೆ.

"ಬಿಟ್ಟಿದ್ದು ಅವರು. ಕರೆಯೋದೂ ಅವರೇ ಕರೀಲಿ."

ಅತ್ತ ಬದೀರ್ ನೋಟಿಸು ನೋಡಿ ಫೋನು ಮಾಡಿದ. "ನಾನು ಬೇಡ, ನನ್ನ ಮಂಚ ಬೇಕಂತಾ ಅವಳಿಗೆ? ಬರ್ಲಿ, ಕೊಡ್ತೀನಿ." ಇಂಥವರಿಗೆ ಏನು ಹೇಳುವುದು?

ಆ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿಕೊಂಡು ಹೋದೆವು. ನಾನು, ಇನ್ಶಿರಾಹ್, ಕೋರ್ಟಿನ ಅಮೀನ, ಇಬ್ಬರು ಹಮಾಲರು. ಅಮೀನ ಟೇಪು ಹಿಡಿದು ಮಂಚ ಅಳೆದ, ಬಾಗಿಲು ಅಳೆದ, ತಲೆ ಕೆರೆದುಕೊಂಡ.

"ಇದು ಹೊರಗೆ ಬರಲ್ಲ. ಒಂದು ಸ್ಕ್ರೂ ಇಲ್ಲ, ಬಿಚ್ಚೋ ಹಾಗೂ ಇಲ್ಲ. ಕೊಯ್ದೇ ತೆಗೀಬೇಕು."

"ಬರಲ್ಲ," ಎಂದ ಬದೀರ್. "ಬರಬಾರದು ಅಂತಲೇ ಇದೇ ಕೋಣೇಲಿ ಕೂತು ಮಾಡಿದ್ದು. ಮದುವೆ ಮುಂಚೆ."

ಇನ್ಶಿರಾಹ್ ತಲೆಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನೂ ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ. ಇಂಥ ಹೊತ್ತಿನಲ್ಲಿ ವಕೀಲರು ಸುಮ್ಮನಿರಬೇಕು. ನನಗೆ ಆಗಲಿಲ್ಲ.

"ಉಸ್ತಾ, ಮಗ್ರಿಬ್ ಅಜಾನಿಗೆ ಇನ್ನೂ ಹೊತ್ತಿದೆ," ಎಂದೆ. "ಗರಗಸಕ್ಕಿಂತ ನಾಲಿಗೆ ಹಗುರ."

ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ಸತ್ಯವಾಗಿಯೂ ಕಂಡೆ. ಅಷ್ಟರಲ್ಲಿ ಆ ಅಮೀನ, ಅವನ ಬಾಯಿಗೆ ಮಣ್ಣು ಹಾಕ, ಮನೆಗೆ ಹೋಗುವ ಅವಸರದಲ್ಲಿ ಹೇಳಿದ: "ಕೊಯ್ಯೋದೇ ಆದ್ರೆ ಬೇರೆ ಯಾರನ್ನಾದ್ರೂ ಕರೆಸ್ಲಾ ಉಸ್ತಾ? ನಿಮ್ಮ ಕೈ ನಡುಗುತ್ತೆ ಅಂತಾರಲ್ಲ."

ಬದೀರ್ ಒಳಗಿನಿಂದ ಗರಗಸ ತಂದ. ಮಂಚದ ನಡುವೆ ಪೆನ್ಸಿಲಿನಿಂದ ಗೆರೆ ಎಳೆದು, ಮಂಡಿಯೂರಿ ಕೊಯ್ಯತೊಡಗಿದ. ಹಳೆಯ ಮರದ ಪುಡಿ ಅವನ ಮೊಣಕಾಲಿನ ಮೇಲೆ ಉದುರಿತು. ಗರಗಸ ಗೆರೆಯನ್ನು ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಅಷ್ಟು ಚೆಂದದ ಕೆಲಸವನ್ನು ನೋಡುತ್ತಾ ನನಗೆ ಅಷ್ಟು ಸಂಕಟ ಎಂದೂ ಆಗಿರಲಿಲ್ಲ.

ಮಂಚ ಎರಡಾಯಿತು. ಅವನು ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಸವರಿ, ಎದ್ದು ನಿಂತು ಅವಳಿಗೆ ಹೇಳಿದ: "ನೋಡಿದ್ಯಾ? ನಡುಗಲಿಲ್ಲ."

"ಹೌದು," ಎಂದಳು ಇನ್ಶಿರಾಹ್. "ನಡುಗಲಿಲ್ಲ."

ಹಮಾಲರು ಎರಡು ತುಂಡನ್ನೂ ಗಾಡಿಗೆ ಹೇರಿದರು. ಗಾಡಿ ಬೀದಿಯ ತಿರುವು ದಾಟುವಾಗ ಅಜಾನ್ ಆಯಿತು.

ಕೆಲವು ದಿನ ಬಿಟ್ಟು ಬದೀರ್ ನನ್ನ ಕಚೇರಿಗೆ ಬಂದ. ಗಡ್ಡ ಬಿಟ್ಟಿದ್ದ. ಚಹಾ ಕೊಟ್ಟೆ. ಲೋಟ ಎತ್ತಿದರೆ ಅರ್ಧ ಚಹಾ ನನ್ನ ಮೇಜಿನ ಮೇಲೆಯೇ ಚೆಲ್ಲಿತು. ಅವನು ತೋಳಿನಿಂದ ಒರೆಸಿದ.

"ಅವಳನ್ನ ಕೇಳಿ ವಕೀಲಮ್ಮ. ಹೊಸದಾಗೇ ನಿಕಾಹ್ ಮಾಡ್ಕೋತೀನಿ. ಮೆಹರ್ ಅವಳು ಹೇಳಿದಷ್ಟು. ಮಂಚನೂ ಕೂಡಿಸ್ತೀನಿ, ಕೊಯ್ದ ಗುರುತೇ ಕಾಣ್ಸಲ್ಲ."

"ಆವತ್ತು ಯಾಕೆ ಬಾಯಿ ಹೊಲ್ಕೊಂಡಿದ್ರಿ?"

"ಅವಳು ಬೇಡ ಅಂತ ತಡೀತಾಳೆ ಅಂದ್ಕೊಂಡಿದ್ದೆ."

ಅವನನ್ನು ಅಲ್ಲೇ ಕೂರಿಸಿ ನಾನೇ ಹೋದೆ. ಅಣ್ಣನ ಮನೆಯ ಕಿರುಕೋಣೆಯಲ್ಲಿ ಅರ್ಧ ಮಂಚಕ್ಕೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಇನ್ನರ್ಧ ತಾರಸಿಯ ಮೇಲಿತ್ತು. ಇನ್ಶಿರಾಹ್ ನನ್ನ ಮಾತನ್ನೆಲ್ಲ ಪೂರ್ತಿ ಕೇಳಿದಳು.

"ಮಂಚ ಕೂಡುತ್ತೆ ವಕೀಲಮ್ಮ. ಅವರ ಕೈ ನಂಗೊತ್ತಿಲ್ವಾ?" ಎಂದಳು. "ಆವತ್ತು ಅದೊಂದು ಸಲ ನಡುಗಿದ್ರೆ ಸಾಕಿತ್ತು, ನಾನೇ ಹೋಗಿ ಹಿಡ್ಕೋತಿದ್ದೆ. ಕೊನೇವರೆಗೂ ನೋಡ್ತಾನೇ ಇದ್ದೆ. ಇನ್ನು ಬೇಡ."

ವಾಪಸು ಬಂದಾಗ ಅವನು ನಾನು ಬಿಟ್ಟುಹೋದ ಕುರ್ಚಿಯಲ್ಲೇ ಕೂತಿದ್ದ.

"ಒಪ್ಪಲಿಲ್ಲ," ಎಂದೆ.

"ಯಾಕಂತೆ?"

ಮೊಣಕಾಲ ಮೇಲಿದ್ದ ಅವನ ಕೈಗಳನ್ನು ನೋಡಿದೆ. ಅವಳು ಏನೂ ಹೇಳಲಿಲ್ಲ ಎಂದುಬಿಟ್ಟೆ. ನಾನೂ ಇದೇ ಊರಿನವಳಲ್ಲವೇ.