ಹನೋಯ್‌ನಲ್ಲಿ ಗಂಗಾ ಅಂಗೈ ಚಾಚಲಿಲ್ಲ

"ಅದಕ್ಕೆಂತ, ನಮ್ಮವಳು ಮಾಡ್ತಾಳೆ" ಎಂದು ಗಂಡ ಪುಂಡರೀಕಾಕ್ಷರು ಹೇಳಿಬಿಟ್ಟಾಗ ಗಂಗಾ ಸೋಫಾದಲ್ಲಿ ಕೂತು ಹೊಸ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದಳು. ಮಾತು ಕಿವಿಗೆ ಬಿತ್ತು. ಲಾಡಿ ಕಟ್ಟುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಠಾಣೆ, ಡೊಂಬಿವಲಿ, ಕಾಮೋಠೆಯ ಇಪ್ಪತ್ತಾರು ಕನ್ನಡಿಗರು ಒಟ್ಟುಗೂಡಿ ವಿಯೆಟ್ನಾಂ ನೋಡಲು ಬಂದಿದ್ದರು. ಜೊತೆಗೆ ಅಡುಗೆಯ ಮಾಪಣ್ಣನನ್ನೂ ಕರೆತಂದಿದ್ದರು. ನಮ್ಮ ಜನ ಸ್ವರ್ಗಕ್ಕೆ ಹೋದರೂ ಮಧ್ಯಾಹ್ನ ಸಾರು-ಅನ್ನ ಎಲ್ಲಿ ಎಂದು ಕೇಳುವವರೇ ತಾನೆ? ಇಳಿದುಕೊಂಡ ಹೋಟೆಲಿನ ಅಡುಗೆಕೋಣೆಯಲ್ಲಿ ಐದು ದಿನದಿಂದ ಅದೇ ಸಾರು, ಅದೇ ಪಲ್ಯ. ಇವತ್ತು ಹನೋಯ್ ಪೇಟೆ ಸುತ್ತುವ ದಿನ, ನಾಳೆ ಬೆಳಿಗ್ಗೆ ವಿಮಾನ. ಇಂಥ ದಿನವೇ ಮಾಪಣ್ಣ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ.

ಪ್ರವಾಸದ ಮುಂದಾಳು ಲೀಲಾಧರ ಹಲ್ಲು ಬಿಟ್ಟ. "ಗಂಗಾ ವಹಿನಿ, ನೀವು ಹೋಟೆಲಿನವರು. ಇಪ್ಪತ್ತಾರು ಜನ ಅಂದ್ರೆ ನಿಮಗೆ ಕಿಸ್ ಝಾಡ್ ಕೀ ಪತ್ತೀ, ಎಂಥದ್ದೂ ಅಲ್ಲ. ನಾವು ಪೇಟೆ ಸುತ್ತಿ ಒಂದೂವರೆಗೆ ಬಂದುಬಿಡ್ತೇವೆ."

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಮೂವತ್ತೆರಡು ವರ್ಷ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಪುಂಡರೀಕಾಕ್ಷರಿಗೆ ಗಿರಾಕಿಗೆ 'ಇಲ್ಲ' ಎನ್ನುವುದೇ ಗೊತ್ತಿಲ್ಲ. ಹೂಂ ಅನ್ನುವ ಬಾಯಿ ಅವರದ್ದು, ಬೇಯಿಸುವ ರಟ್ಟೆ ಗಂಗಾಳದ್ದು. ಅಡುಗೆಯ ಭಟ್ಟರು ಊರಿಗೆ ಹೋದಾಗಲೆಲ್ಲ ಒಲೆಯ ಮುಂದೆ ಅವಳೇ. ಭಟ್ಟರು ಇದ್ದಾಗಲೂ ಬೆಳಿಗ್ಗೆ ಐದಕ್ಕೆ ಮೊದಲ ಸೌಟು ಸಾಂಬಾರು ಅವಳ ಅಂಗೈಗೆ ಬೀಳಬೇಕು, ಅವಳು ರುಚಿ ನೋಡಿ ಹೂಂ ಅಂದಮೇಲೆಯೇ ಶಟರ್ ಏಳುವುದು. ಒಮ್ಮೆ ಕಾಶಿಗೆ ಹೊರಡುವ ಹಿಂದಿನ ದಿನ ಭಟ್ಟರು ಕೈಕೊಟ್ಟರು. ಇನ್ನೊಮ್ಮೆ ಕನ್ಯಾಕುಮಾರಿಗೂ ಅದೇ ಹಾಡು. ಎರಡು ಸಲವೂ ಕಟ್ಟಿದ ಪೆಟ್ಟಿಗೆ ಬಿಚ್ಚಿ ಉಳಿದವಳು ಅವಳೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಗಂಗಾ ಎದ್ದು ನಿಂತಳು. ಮೈ ಉರಿಯುತ್ತಿತ್ತು, ದನಿ ಮಾತ್ರ ತಣ್ಣಗಿತ್ತು.

"ನಾನು ಮಾಡುವುದಿಲ್ಲ."

"ಮಾರಾಯ್ತಿ, ನಾನು ಮಾತು ಕೊಟ್ಟಾಗಿದೆ" ಎಂದರು ಪುಂಡರೀಕಾಕ್ಷರು.

"ಕೊಟ್ಟವರು ನೀವಲ್ಲವಾ, ನೀವೇ ಮಾಡಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇನ್ನು ಆ ಜಾತ್ರೆಗೆ ನನ್ನ ರಟ್ಟೆ ಇಲ್ಲ."

"ಜನ ಎಂತ ಹೇಳಿಯಾರು?"

"ಹಸಿವಾಯ್ತು ಅಂತ ಹೇಳಿಯಾರು."

ಬ್ಯಾಗು ಹೆಗಲಿಗೇರಿಸಿ ಹೊರಗೆ ನಡೆದಳು. ಎದುರಿಗೆ ರಸ್ತೆ ತುಂಬ ಸ್ಕೂಟರುಗಳು ಹೊಳೆಯ ಹಾಗೆ ಹರಿಯುತ್ತಿದ್ದವು. ಆದರೆ ಡೊಂಬಿವಲಿಯಲ್ಲಿ ಎಂಟೂ ಹತ್ತರ ಕಿಕ್ಕಿರಿದ ಲೋಕಲ್ ರೈಲು ಹತ್ತಿದವಳಿಗೆ ಸ್ಕೂಟರ್ ಯಾವ ಲೆಕ್ಕ? ಕೈ ಅಡ್ಡ ಹಿಡಿದು ದಾಟಿಯೇ ಬಿಟ್ಟಳು.

ಕೆರೆ ಸುತ್ತಿದಳು, ಕೆಂಪು ಸೇತುವೆ ಹತ್ತಿ ಇಳಿದಳು. ಪುಂಡರೀಕಾಕ್ಷರ ಫೋನು ನಾಲ್ಕು ಸಲ ಬಂತು. ಮೊದಲ ಮೂರನ್ನು ಎತ್ತಲಿಲ್ಲ. ನಾಲ್ಕನೆಯದಕ್ಕೆ, "ರವೆ ಎಷ್ಟು ಹಾಕುದು?" ಎಂಬ ದನಿ ಕೇಳಿ, "ನಿಮ್ಮ ಕೈಯಳತೆ" ಎಂದು ಇಟ್ಟುಬಿಟ್ಟಳು.

ಒಂದು ಓಣಿಯ ಬಾಯಲ್ಲಿ ಅವಳ ವಯಸ್ಸಿನದ್ದೇ ಒಬ್ಬ ಹೆಂಗಸು ಹಂಡೆಯ ಮುಂದೆ ಕೂತಿದ್ದಳು. ಮಗಳು ತನ್ವಿ ಆ ದೇಶದ ಭಾಷೆಯಲ್ಲಿ ಬರೆಸಿ ಫೋನಿಗೆ ಹಾಕಿಕೊಟ್ಟ ಸಾಲನ್ನು ಗಂಗಾ ತೋರಿಸಿದಳು: ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಹೆಂಗಸು ಓದಿ, ತನ್ನ ಎದೆ ಮುಟ್ಟಿಕೊಂಡು 'ನಾನೂ ಅಷ್ಟೇ' ಎಂಬಂತೆ ತಲೆಯಾಡಿಸಿ, ಗಿಡ್ಡ ಸ್ಟೂಲು ಎಳೆದು ಕೊಟ್ಟಳು. ಬಟ್ಟಲಲ್ಲಿ ಬಂದದ್ದೇನು? ಅಕ್ಕಿಯ ಒತ್ತು ಶ್ಯಾವಿಗೆ. ಊರಲ್ಲಿ ಇದನ್ನು ಒತ್ತಿ ಒತ್ತಿ ರಟ್ಟೆ ಬೀಳುತ್ತಿತ್ತು, ಬಡಿಸಿ ಮುಗಿಯುವಷ್ಟರಲ್ಲಿ ಅವಳ ಪಾಲಿಗೆ ಉಳಿಯುತ್ತಿದ್ದದ್ದು ತಣ್ಣಗಿನ ಮುದ್ದೆ. ಇಲ್ಲಿ ಹಬೆಯಾಡುವ ಅಣಬೆಯ ಸಾರಿನಲ್ಲಿ ಎಳೆ ಎಳೆಯಾಗಿ ತೇಲುತ್ತಿತ್ತು. ಗಂಗಾ ಚಮಚ ಬಿಟ್ಟು ಬಟ್ಟಲನ್ನೇ ಎತ್ತಿ ಕುಡಿದಳು. ಖಾಲಿಯಾದದ್ದು ಕಂಡು ಹೆಂಗಸು ಕೇಳದೆಯೇ ಇನ್ನೊಂದು ಸೌಟು ಹಾಕಿದಳು. ಗಂಗಾಳ ಕಣ್ಣು ತುಂಬಿತು. ಮದುವೆಯಾದ ಮೇಲೆ ತನಗೆ ಹೀಗೆ ಯಾರು ಬಡಿಸಿದ್ದರೆಂದು ಎಷ್ಟು ಯೋಚಿಸಿದರೂ ಒಂದು ಮುಖವೂ ನೆನಪಾಗಲಿಲ್ಲ.

ಸಂಜೆ ಐದಕ್ಕೆ ಹೋಟೆಲಿಗೆ ಮರಳಿದಾಗ ಲೀಲಾಧರ ಮುಖ ಗಂಟು ಹಾಕಿಕೊಂಡಿದ್ದ. "ಉಪ್ಪಿಟ್ಟು ಬರೀ ಗಂಟು, ವಹಿನಿ. ಎಲ್ಲರೂ ಉಪ್ಪಿನಕಾಯಿ ನೆಕ್ಕಿ ಎದ್ದರು."

"ಪೇಟೆಯಲ್ಲಿ ಒಳ್ಳೆ ಊಟ ಸಿಗ್ತದೆ" ಎಂದು ಗಂಗಾ ಅಡುಗೆಕೋಣೆಗೆ ಹೋದಳು.

ಪುಂಡರೀಕಾಕ್ಷರು ಅಂಗಿಯ ತೋಳು ಮಡಚಿ, ಬೆವರಿಳಿಸುತ್ತ ರಾತ್ರಿಯ ಊಟಕ್ಕೆ ಸಾರು ಕುದಿಸುತ್ತಿದ್ದರು. ಹೆಂಡತಿಯನ್ನು ಕಂಡದ್ದೇ ತಡ, ಮುಖ ಅರಳಿತು. ಸೌಟು ಅದ್ದಿ, ಅಭ್ಯಾಸದಂತೆ ಅವಳ ಮುಂದೆ ಹಿಡಿದರು.

"ಒಂಚೂರು ನೋಡು. ಎಂತ ಕಮ್ಮಿ ಆಗಿದೆ?"

ಸಾರಿನ ವಾಸನೆಗೇ ಏನು ಕಮ್ಮಿಯೆಂದು ಗಂಗಾಳಿಗೆ ಗೊತ್ತಾಗಿತ್ತು. ಕೈ ತಾನಾಗಿಯೇ ಮೇಲೆದ್ದಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

"ನನ್ನ ಊಟ ಆಯ್ತು" ಎಂದಳು. "ಕೂತ್ಕೊಂಡು ಮಾಡಿದೆ. ಬಿಸಿ ಬಿಸಿ. ಬಡಿಸಿ ಕೊಟ್ರು."

ಪುಂಡರೀಕಾಕ್ಷರು ಸೌಟನ್ನು ತಮ್ಮ ಅಂಗೈಗೇ ಬಗ್ಗಿಸಿಕೊಂಡು ನೆಕ್ಕಿದರು, ಮುಖ ಕಿವಿಚಿದರು, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಾವೇ ಹುಡುಕತೊಡಗಿದರು.