ಸೂಪರ್‌ವೈಸರ್ ಇಪ್ಪತ್ತೆಂಟು

ಮಿಂಚಿದ ಕೂಡಲೇ ಅವಳ ತುಟಿ ಅಲ್ಲಾಡತೊಡಗುತ್ತಿತ್ತು. ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ. ಗುಡುಗು ಕೇಳುವ ತನಕ ಹೀಗೇ. ಮೂರು ಎಣಿಸಿದರೆ ಮಿಂಚು ಒಂದು ಕಿಲೋಮೀಟರು ದೂರ. ಮೂವತ್ತರೊಳಗೆ ಗುಡುಗಿತೋ, ಬಯಲಲ್ಲಿರುವವರು ಒಳಗೆ ಹೋಗಬೇಕು. ಸಂಜೆ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಹೇಳಿಕೊಟ್ಟದ್ದು ಇದು. ಉಳಿದವರು ಅದನ್ನು ಪರೀಕ್ಷೆಯಲ್ಲಿ ಬರೆದು ಮರೆತರು. ಅವಳು ಮರೆಯಲಿಲ್ಲ. ಅವಳು ಯಾವುದನ್ನೂ ಮರೆಯುವವಳಲ್ಲ. ಮನೆಯಿಂದ ಹೊರಟ ಮೇಲೆ ವಾಪಸು ಬಂದು ಬಾಗಿಲ ಚಿಲಕ ಎಳೆದು ನೋಡುವವಳು, ನೋಡಿದ್ದು ಸರಿಯೇ ಎಂದು ಬೀದಿಯ ತಿರುವಿನಲ್ಲಿ ಮತ್ತೆ ಯೋಚಿಸುವವಳು.

ಅವಳು ದುಡಿಯುತ್ತಿದ್ದದ್ದು ಆಸ್ಪತ್ರೆ, ಲಾಡ್ಜುಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಬೆಳಿಗ್ಗೆ ಇಸ್ತ್ರಿ ಯಂತ್ರದ ಮುಂದೆ ನಿಂತು ಮಡಿಸುವ ಕೆಲಸ, ಮಧ್ಯಾಹ್ನ ತಾರಸಿಯ ಮೇಲೆ ಒಣಹಾಕುವ ಕೆಲಸ. ಬೇಸಿಗೆಯಲ್ಲಿ ಒಣಗಿಸುವ ಯಂತ್ರ ನಿಲ್ಲಿಸಿ ಬಿಸಿಲನ್ನೇ ದುಡಿಸಿಕೊಳ್ಳುವುದು ಅಲ್ಲಿನ ಪದ್ಧತಿ. ತಾರಸಿಯ ತುಂಬ ಕಬ್ಬಿಣದ ಕಂಬ, ಕಂಬದಿಂದ ಕಂಬಕ್ಕೆ ತಂತಿ, ತಂತಿಯ ನಡುವೆ ಆರು ಹೆಂಗಸರು. ಸುತ್ತಲಿನ ಯಾವ ಕಟ್ಟಡವೂ ಅಷ್ಟು ಎತ್ತರ ಇರಲಿಲ್ಲ. ಹಾಗಾಗಿ ಅಲ್ಲಿ ನಿಂತರೆ ಆಕಾಶ ಇಡಿಯಾಗಿ ಸಿಗುತ್ತಿತ್ತು. ಅವಳಿಗೆ ಸಂಬಳದಷ್ಟೇ ಮುಖ್ಯವಾದದ್ದು ಅದು. ಮಧ್ಯಾಹ್ನ ಎರಡಕ್ಕೆ ಬಿಳಿ ಮುದ್ದೆಯಾಗಿ ಏಳುವ ಮೋಡ ಮೂರೂವರೆಗೆ ಹೊಟ್ಟೆ ಕಪ್ಪಾಗಿ, ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡುವುದನ್ನು ಅವಳು ಒದ್ದೆ ಬೆಡ್‌ಶೀಟುಗಳ ಸಂದಿಯಲ್ಲೇ ನೋಡಿ, ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ದಿನ, ದಿಕ್ಕು, ಎಣಿಕೆ, ಕಂಡದ್ದು. ಅದಕ್ಕೇ ಅವಳಿಗೆ ಮೋಡದಕ್ಕ ಎಂಬ ಹೆಸರು.

ಗಡಿಯಾರ, ಫೋನು ಯಾವುದನ್ನೂ ಒಳಗೆ ತರುವಂತಿರಲಿಲ್ಲ. ಒಮ್ಮೆ ಯಾರದೋ ಫೋನು ಬೆಡ್‌ಶೀಟಿನ ಜೊತೆ ಕುದಿದು ಹೋದ ಮೇಲೆ ಎಲ್ಲವನ್ನೂ ಗೇಟಿನ ಪೆಟ್ಟಿಗೆಯಲ್ಲಿ ಇಟ್ಟು ಬರಬೇಕೆಂದು ಸೂಪರ್‌ವೈಸರ್ ಕಟ್ಟಪ್ಪಣೆ ಮಾಡಿದ್ದರು. ಅದರಿಂದ ಅವಳಿಗೇನೂ ತೊಂದರೆ ಇರಲಿಲ್ಲ. ಹನ್ನೊಂದು ವರ್ಷ ಮಡಿಸಿದ ಕೈ. ಒಂದು ಮಡಿಕೆಗೆ ಸರಿಯಾಗಿ ಒಂದು ಸೆಕೆಂಡು ಎಂಬುದು ಅವಳ ಮೈಗೇ ಗೊತ್ತಿತ್ತು.

ಬೇಸಿಗೆಯ ಮೊದಲಲ್ಲಿ ಒಂದು ದಿನ ಇಪ್ಪತ್ತೊಂಬತ್ತಕ್ಕೆ ಗುಡುಗಿತು. ಅವಳು ಕೂಗಿದಳು, ಆರೂ ಜನ ಅರೆ ಒಣಗಿದ್ದನ್ನೆಲ್ಲ ಬಾಚಿಕೊಂಡು ಇಳಿದರು, ಅವಸರದಲ್ಲಿ ಅರ್ಧ ಮೆಟ್ಟಿಲ ಮೇಲೆ ಬಿದ್ದು ಕೊಳೆಯಾಯಿತು, ಹೊರಗೆ ಒಂದು ಹನಿಯೂ ಬೀಳಲಿಲ್ಲ. ಸೂಪರ್‌ವೈಸರ್ ಗಂಟು ಮುಖ ಹಾಕಿಕೊಂಡು ಬಂದರು.

"ಏನಮ್ಮಾ ಮೋಡದಕ್ಕ, ಎಲ್ಲಿ ನಿಮ್ಮ ಮಳೆ? ಇನ್ನು ಮೇಲೆ ಹನಿ ಬಿದ್ದ ಮೇಲೆ ಇಳೀರಿ, ಅಲ್ಲೀವರೆಗೂ ಇಳೀಬೇಡಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ನಿಮ್ಮನ್ನ ವಿಂಗಡಣೆ ಕೋಣೆಗೆ ಹಾಕ್ತೀನಿ. ಅಲ್ಲಿ ಕೂತ್ಕೊಂಡು ಮೋಡ ನೋಡಿ."

ವಿಂಗಡಣೆ ಕೋಣೆ ಎಂದರೆ ನೆಲಮಟ್ಟದಲ್ಲಿ ಕೊಳೆ ಬಟ್ಟೆ ಬೇರೆ ಮಾಡುವ ಜಾಗ. ಅದಕ್ಕೆ ಕಿಟಕಿಯೇ ಇರಲಿಲ್ಲ. ಆಮೇಲೆ ಅವಳು ಮೂವತ್ತರ ಲೆಕ್ಕವನ್ನು ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ನೋಡಿಕೊಂಡಳು. ಮೂವತ್ತೊಂದಾದರೂ ಬಾಯಿ ಬಿಡಲಿಲ್ಲ. ಅದೃಷ್ಟಕ್ಕೆ ಆ ಬೇಸಿಗೆಯಲ್ಲಿ ಗುಡುಗು ಮತ್ತೆ ಮೂವತ್ತರೊಳಗೆ ಬರಲೂ ಇಲ್ಲ. ಹಾಗೆಂದು ಅವಳು ತಿಳಿದಿದ್ದಳು.

ಭಾನುವಾರ ಸಂಜೆ ಅವಳ ಮನೆಯ ಮಹಡಿಯ ಮೇಲೆ ಮೂವರು ಸೇರುವುದಿತ್ತು. ಅವಳು, ಅವಳ ಮಾವ, ಗಡಿಯಾರ ರಿಪೇರಿಯಣ್ಣ. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಮೂವತ್ತು ವರ್ಷ ಗಾಜಿನ ಹಿಂದೆ ಕೂತು ಮಳೆಯ ಕಡೆಗೇ ಬಸ್ಸು ಬಿಟ್ಟಿದ್ದರಿಂದ ಮೋಡದ ಹುಚ್ಚು ಹತ್ತಿತು ಎನ್ನುತ್ತಿದ್ದರು. ರಿಪೇರಿಯಣ್ಣನದು ಬೀದಿಯ ಕೊನೆಯ ಅಂಗಡಿ. ಅವನು ಬರುತ್ತಿದ್ದದ್ದು ಗುಡುಗಿಗಿಂತ ಹೆಚ್ಚಾಗಿ ತನ್ನ ಸ್ಟಾಪ್‌ವಾಚಿಗೆ ಕೆಲಸ ಕೊಡಲು. ಅವಳ ಗಂಡನಿಗೆ ಇದರ ಗೊಡವೆ ಇರಲಿಲ್ಲ. ಬೇಕರಿಯ ಒಲೆಯ ಮುಂದೆ ಬೆಂದು ಬಂದವನು ಕೆಳಗೆ ಫ್ಯಾನಿನಡಿ ಮಲಗಿ, "ಮೇಲೆ ಹೋಗಿ ಕಾಯಿರಿ, ಬಂದ್ರೆ ನನ್ನನ್ನ ಎಬ್ಬಿಸಬೇಡಿ" ಎನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಭಾನುವಾರ ಸಂಜೆ ಒಮ್ಮೆಯೂ ಗುಡುಗಿರಲಿಲ್ಲ. ಹಾಗಿರುವಾಗ ಒಂದು ಭಾನುವಾರ ಮೂವರೂ ಕುರ್ಚಿ ಹಾಕಿಕೊಂಡು ಒಂದೂವರೆ ಗಂಟೆ ಕಾದರು. ಮೋಡ ಬೆಳೆಯಿತು, ಕರಗಿತು, ಮತ್ತೆ ಬೆಳೆಯಿತು. ಕೊನೆಗೆ ಅಂಚಿನಲ್ಲೊಂದು ಗೆರೆ ಎಳೆದಂತೆ ಮಿಂಚಿತು. ಗುಡುಗಿದಾಗ ಅವಳು "ಮೂವತ್ತು" ಅಂದಳು, ರಿಪೇರಿಯಣ್ಣ "ಇಪ್ಪತ್ತು" ಅಂದ.

"ಗುಂಡಿ ತಡವಾಗಿ ಒತ್ತಿದ್ಯೇನೋ ಅಣ್ಣಾ."

"ನನ್ನ ವಾಚನ್ನ ಅನ್ನಬೇಡ ತಾಯಿ. ಬೇಕಾದ್ರೆ ನನ್ನನ್ನ ಅನ್ನು."

ಮುಂದಿನ ಮಿಂಚಿಗೆ ಅವಳದು ಇಪ್ಪತ್ತೊಂದು, ವಾಚಿನದು ಹದಿನಾಲ್ಕು. ಆ ಹೊತ್ತಿಗೆ ಅವರು ಒಳಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಮಾವ ಗಡ್ಡ ಕೆರೆದುಕೊಂಡು ಸೊಸೆಯ ಮುಖ ನೋಡಿದರು.

"ಅಮ್ಮಾ, ನಿನ್ನ ಬಾಯಿಗೆ ಯಾರೋ ಎಕ್ಸಲರೇಟರ್ ಒತ್ತಿದ್ದಾರೆ."

ಅವಳಿಗೆ ಥಟ್ಟನೆ ಹೊಳೆಯಿತು. ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂದು ಮೂರು ತಿಂಗಳಾಗಿತ್ತು. ಹಳೆಯದು ಎರಡು ಬೆಡ್‌ಶೀಟು ಉಗುಳುವಷ್ಟರಲ್ಲಿ ಹೊಸದು ಮೂರು ಉಗುಳುತ್ತಿತ್ತು. ಮೊದಲ ವಾರ ಎಲ್ಲರ ಕೈಯೂ ಸೋತಿತು, ಎರಡನೆಯ ವಾರ ಒಗ್ಗಿತು. ಕೈ ಕಲಿತದ್ದನ್ನು ನಾಲಿಗೆಯೂ ಕಲಿತಿತ್ತು. ಅವಳ ಮಡಿಕೆ ಈಗ ಸೆಕೆಂಡು ಆಗಿರಲಿಲ್ಲ.

ಪುಸ್ತಕ ಬಿಡಿಸಿ ಹಾಳೆ ತಿರುವಿದಳು. ಮೂವತ್ತಾರು, ದೂರ. ಮೂವತ್ತಮೂರು, ದೂರ. ಮೂವತ್ತೊಂಬತ್ತು, ದೂರ. ಪೆನ್ಸಿಲಿನಲ್ಲಿ ಪಕ್ಕದಲ್ಲೇ ತಿದ್ದಿದಳು. ಇಪ್ಪತ್ತನಾಲ್ಕು, ಇಪ್ಪತ್ತೆರಡು, ಇಪ್ಪತ್ತಾರು. ಆ ಮೂರು ದಿನವೂ ಆರು ಜನ ಕಬ್ಬಿಣದ ಕಂಬಗಳ ನಡುವೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ನಿಲ್ಲಿಸಿದ್ದು ಅವಳ ಎಣಿಕೆ.

"ಅವತ್ತು ಇಳೀಬಾರದಿತ್ತೇನೋ ಅಂತ ಇಷ್ಟು ದಿನ ಕೊರಗ್ತಿದ್ದೆ ಮಾವ."

"ಈಗ?"

"ಉಳಿದ ಮೂರು ದಿನ ಇಳೀಬೇಕಿತ್ತು."

ಮಾವ ಸಮಾಧಾನದ ಮಾತು ಆಡಲಿಲ್ಲ. "ಬ್ರೇಕ್ ಸರಿಯಿಲ್ಲ ಅಂತ ಗೊತ್ತಾದ ಮೇಲೆ ಅಳ್ತಾ ಕೂತ್ರೆ ಬಸ್ಸು ನಿಲ್ಲಲ್ಲ. ಎಣಿಸೋ ಮಾತು ಬದಲಾಯಿಸು" ಅಂದರು.

ಸರಿ, ಒಂದು ಸೆಕೆಂಡು ಹಿಡಿಯುವ, ಅವಸರಪಡಿಸಲು ಆಗದ ಮಾತು ಬೇಕಾಯಿತು. ರಿಪೇರಿಯಣ್ಣ ವಾಚು ಹಿಡಿದ. 'ಆಕಾಶ ಒಂದು' ಬೇಗ ಮುಗಿಯಿತು. ಮಾವನ 'ಬಸ್‌ಸ್ಟ್ಯಾಂಡ್ ಒಂದು' ಹತ್ತಿರ ಬಂತು, ಆದರೆ ಮೂವತ್ತಕ್ಕೆ ಮೂರು ಕಮ್ಮಿ. 'ವಿಂಗಡಣೆ ಕೋಣೆ ಒಂದು' ಎಳೆಯಿತು. ಆಗ ಅವಳು ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ, "ಸೂಪರ್‌ವೈಸರ್ ಒಂದು, ಸೂಪರ್‌ವೈಸರ್ ಎರಡು" ಎಂದು ಶುರುಮಾಡಿದಳು. ಸೂಪರ್‌ವೈಸರ್ ಮೂವತ್ತಕ್ಕೆ ವಾಚೂ ಮೂವತ್ತು ತೋರಿಸಿತು.

"ಪರವಾಗಿಲ್ಲ ಕಣಮ್ಮ," ರಿಪೇರಿಯಣ್ಣ ವಾಚನ್ನು ಅಂಗಿಗೆ ಒರೆಸಿ ಜೇಬಿಗಿಟ್ಟ. "ಆ ಮನುಷ್ಯ ಒಂದು ಕೆಲಸಕ್ಕಾದ್ರೂ ಕರೆಕ್ಟಾಗಿದ್ದಾನೆ."

ಸೋಮವಾರ ಅವಳು ತಾರಸಿಯ ಮೇಲೆ ಐವರನ್ನೂ ನಿಲ್ಲಿಸಿಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಬಾಯಲ್ಲಿದ್ದ ಕ್ಲಿಪ್ಪು ತೆಗೆದು, "ಅಂದ್ರೆ ಮೂರು ದಿನ ನಮ್ಮನ್ನ ಸಾಯಕ್ಕೆ ಬಿಟ್ಟಿದ್ದೆ" ಅಂದಳು.

"ಹೌದು ದೊಡ್ಡಕ್ಕ."

"ಹೌದು ಅಂತಾಳೆ ನೋಡು. ಸುಮ್ನೆ ಮುಚ್ಚಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಿತ್ತಲ್ಲ."

ದೊಡ್ಡಕ್ಕ ಕ್ಲಿಪ್ಪನ್ನು ತಂತಿಗೆ ಸಿಕ್ಕಿಸಿ, "ಹೊಸ ಲೆಕ್ಕ ಹೇಳಿಕೊಡು" ಅಂದಳು. ಗಿಣಿ ಎಂದು ಕರೆಯುತ್ತಿದ್ದ ಹುಡುಗಿಯಂತೂ ಹೊಸ ಮಾತು ಕೇಳಿ ನಕ್ಕು ನಕ್ಕು ಬಕೀಟಿನ ಮೇಲೆ ಕೂತಳು.

ಮಂಗಳವಾರ ಮೂರೂ ಮುಕ್ಕಾಲಿಗೆ ಪಶ್ಚಿಮದಲ್ಲಿ ಬೆಳಕು ಹಾರಿತು. ಅವಳ ತುಟಿ ಅಲ್ಲಾಡಿತು. ಸೂಪರ್‌ವೈಸರ್ ಹತ್ತು. ತಂತಿಯ ಮೇಲೆ ಇನ್ನೂರು ಬೆಡ್‌ಶೀಟು, ಎಲ್ಲ ಒದ್ದೆ. ಸೂಪರ್‌ವೈಸರ್ ಇಪ್ಪತ್ತು. ತಲೆಯ ಮೇಲೆ ಬಿಸಿಲು ಇನ್ನೂ ಸುಡುತ್ತಿತ್ತು. ಮಳೆ ಬರುವ ಲಕ್ಷಣ ಅವಳಿಗೇ ಕಾಣಲಿಲ್ಲ. ಇಪ್ಪತ್ತೈದು. ಮೂವತ್ತು ದಾಟಿಬಿಡಲಿ ಎಂದು ಅವಳು ಬೇಡಿಕೊಂಡಳು. ದಾಟಿದರೆ ಆಕಾಶ ಉಳಿಯುತ್ತದೆ. ಸೂಪರ್‌ವೈಸರ್ ಇಪ್ಪತ್ತೆಂಟು, ಅನ್ನುವಷ್ಟರಲ್ಲಿ ದೂರದಲ್ಲಿ ಯಾರೋ ಪೀಪಾಯಿ ಉರುಳಿಸಿದಂತೆ ಗುಡುಗಿತು.

ಹಳೆಯ ಮಡಿಕೆಯಲ್ಲಾದರೆ ಇದು ನಲವತ್ತೆರಡು. ಬೇಕೆಂದರೆ ಹಾಗೆಯೇ ಬರೆದುಕೊಂಡು ಸುಮ್ಮನಿರಬಹುದಿತ್ತು. ಪುಸ್ತಕ ತೆಗೆಯಲು ಅವಳ ಕೈ ಸೊಂಟಕ್ಕೆ ಹೋಯಿತು ಕೂಡ.

"ಇಳೀರಿ," ಅಂದಳು. ಕೈ ಹಿಂದಕ್ಕೆ ತೆಗೆದು ಮತ್ತೆ ಜೋರಾಗಿ ಹೇಳಿದಳು. "ಇಳೀರಿ ಎಲ್ರೂ. ಬಟ್ಟೆ ಮುಟ್ಟಬೇಡಿ, ಹಾಗೇ ಬಿಡಿ."

ಆರು ಜನ ಬರಿಗೈಯಲ್ಲಿ ಇಳಿದರು. ಮೆಟ್ಟಿಲ ಬುಡದಲ್ಲಿ ಸೂಪರ್‌ವೈಸರ್ ನಿಂತಿದ್ದರು.

"ಹನಿ ಬಿತ್ತಾ?"

"ಇಲ್ಲ ಸಾರ್. ಇಪ್ಪತ್ತೆಂಟು."

"ಏನು ಇಪ್ಪತ್ತೆಂಟು? ಹತ್ತಿ ಮೇಲೆ."

ಇಪ್ಪತ್ತೆಂಟನ್ನು ಪುಸ್ತಕದಲ್ಲಿ ಬರೆಯಲೆಂದು ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂತದ್ದರಿಂದ ದಾರಿ ಕಟ್ಟಿಹೋಯಿತು. ಅದನ್ನು ಅವಳು ಬೇಕೆಂದು ಮಾಡಿರಲಿಲ್ಲ, ಆದರೆ ಏಳಲೂ ಇಲ್ಲ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವ ತನಕ ಹಾಗೇ ಕೂತಿದ್ದಳು. ಮಳೆ ಬರಲಿಲ್ಲ. ಮೋಡ ಊರಂಚಿನಲ್ಲೇ ಬಳಸಿಕೊಂಡು ಹೋಯಿತು. ಮೇಲೆ ಹೋಗಿ ನೋಡಿದರೆ ಇನ್ನೂರು ಬೆಡ್‌ಶೀಟೂ ಗರಿಗರಿಯಾಗಿ ಒಣಗಿದ್ದವು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಬರೆದಿಟ್ಟ ಕಾಗದವೊಂದನ್ನು ಮುಂದೆ ತಳ್ಳಿದರು. 'ಸುಳ್ಳು ಎಚ್ಚರಿಕೆ ಕೊಟ್ಟು ಕೆಲಸ ನಿಲ್ಲಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ.' ಅವಳು ಅದನ್ನು ಮೂರು ಸಲ ಓದಿದಳು. ಯಾವ ಕಾಗದವನ್ನೂ ಅವಳು ಮೂರು ಸಲ ಓದದೆ ಬಿಟ್ಟವಳಲ್ಲ.

"ಇದಕ್ಕೆ ಸಹಿ ಹಾಕಿದ್ರೆ ತಾರಸಿ ಮೇಲೇ ಇರಿ. ಇಲ್ಲಾಂದ್ರೆ ಕೆಳಗೆ."

"ಸಾರ್, ಸುಳ್ಳು ಅಂತ ಇದೆ."

"ಮಳೆ ಬಂತಾ?"

"ಮಳೆ ಬರುತ್ತೆ ಅಂತ ನಾನು ಹೇಳಲೇ ಇಲ್ಲ. ಗುಡುಗು ಹತ್ತಿರ ಇದೆ ಅಂದೆ. ಇತ್ತು."

"ಒಂದು ಪದಕ್ಕೆ ಇಷ್ಟೊಂದಾ?"

"ಆ ಪದ ತೆಗೆದರೆ ಕಾಗದದಲ್ಲಿ ಏನೂ ಉಳಿಯಲ್ಲ ಸಾರ್."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೂ ಕಾಗದ ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಬರೆಯತೊಡಗಿದಳು. 'ಈ ಬೇಸಿಗೆಯಲ್ಲಿ ನನ್ನ ಎಣಿಕೆ ತಪ್ಪಿತ್ತು. ಗುಡುಗು ಹತ್ತಿರವಿದ್ದ ಮೂರು ದಿನ ನಾನು ಯಾರನ್ನೂ ಕೆಳಗಿಳಿಸಲಿಲ್ಲ. ಅದಕ್ಕಾಗಿ ನನ್ನ ಜೊತೆಯವರಲ್ಲಿ ಕ್ಷಮೆ ಕೇಳುತ್ತೇನೆ. ಮಂಗಳವಾರ ಕೆಳಗಿಳಿಸಿದ್ದು ಸರಿ. ಮತ್ತೆ ಹಾಗಾದರೆ ಮತ್ತೆ ಇಳಿಸುತ್ತೇನೆ.' ದಿನಾಂಕ ಹಾಕಿ, ಕಾಗುಣಿತ ನೋಡಿ, ಸಹಿ ಮಾಡಿ ಕೊಟ್ಟಳು.

ಸೂಪರ್‌ವೈಸರ್ ಓದಿ, ಬೆರಳನ್ನು ಕೆಳಕ್ಕೆ ತೋರಿಸಿದರು.

ವಿಂಗಡಣೆ ಕೋಣೆಯಲ್ಲಿ ಟ್ಯೂಬ್‌ಲೈಟು ಹಗಲೆಲ್ಲ ಉರಿಯುತ್ತಿತ್ತು. ಎರಡು ಗಂಟೆಯೋ ನಾಲ್ಕು ಗಂಟೆಯೋ ಗೊತ್ತಾಗುತ್ತಿರಲಿಲ್ಲ. ಬಿಳಿಯದು ಎಡಕ್ಕೆ, ಬಣ್ಣದ್ದು ಬಲಕ್ಕೆ, ರಕ್ತದ ಕಲೆ ಇದ್ದದ್ದು ನೀರಿಗೆ. ಮೋಡ ಈಗ ಎಷ್ಟು ಎತ್ತರ ಎದ್ದಿರಬಹುದೆಂದು ಯೋಚಿಸಿ, ಯೋಚಿಸಿದ್ದನ್ನು ಬರೆಯುವ ಹಾಗಿಲ್ಲವೆಂದು ಮತ್ತೆ ಬಟ್ಟೆಗೆ ಕೈ ಹಾಕಿದಳು. ಕಂಡದ್ದನ್ನು ಮಾತ್ರ ಬರೆಯಬೇಕು ಎಂಬುದು ಮಾವ ಹಾಕಿದ ಕಟ್ಟು.

ಕೋಣೆಯ ಮೂಲೆಯಲ್ಲೊಂದು ಅಗಲವಾದ ಸಿಮೆಂಟಿನ ಕೊಳವೆ ಬಂದು ಬಾಯಿ ತೆರೆದಿತ್ತು. ತಾರಸಿಯ ಮೇಲೆ ಹಕ್ಕಿ ಗಲೀಜು ಮಾಡಿದ ಬೆಡ್‌ಶೀಟುಗಳನ್ನು ಮತ್ತೆ ಒಗೆಯಲು ಅದರೊಳಗೆ ಜಾರಿಸುತ್ತಿದ್ದರು. ಇಷ್ಟು ವರ್ಷ ಅವಳು ಅದರ ಮೇಲಿನ ಬಾಯಿಯನ್ನು ಮಾತ್ರ ಕಂಡಿದ್ದಳು. ಗುರುವಾರ ಮಧ್ಯಾಹ್ನ ಆ ಕೊಳವೆಯಿಂದ ಬಟ್ಟೆಯ ಬದಲು ದೊಡ್ಡಕ್ಕನ ದನಿ ಬಿತ್ತು.

"ಮಿಂಚು."

ಅವಳು ಎದ್ದು ಹೋಗಿ ಕೊಳವೆಯ ಪಕ್ಕ ನಿಂತಳು. ಮೇಲೆ ಐದು ದನಿ ಒಟ್ಟಿಗೆ ಎಣಿಸುತ್ತಿದ್ದವು, ಮೆಲ್ಲಗಲ್ಲ, ಇಡೀ ಲಾಂಡ್ರಿಗೆ ಕೇಳುವಂತೆ. ಸೂಪರ್‌ವೈಸರ್ ಮೂರು. ಸೂಪರ್‌ವೈಸರ್ ನಾಲ್ಕು. ಗಿಣಿಯ ದನಿ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು, ದೊಡ್ಡಕ್ಕ ಗದರಿಸಿ ಹಿಂದಕ್ಕೆ ಎಳೆಯುತ್ತಿದ್ದಳು. ಇಪ್ಪತ್ತನಾಲ್ಕಕ್ಕೆ ಕೊಳವೆಯ ಒಳಗೇ ಯಾರೋ ಗಂಟಲು ಸರಿಮಾಡಿಕೊಂಡಂತೆ ಗುಡುಗು ಇಳಿದು ಬಂತು.

ಮೇಲೆ ಎಣಿಕೆ ನಿಂತಿತು. ಇಳಿಯಿರಿ ಎಂದು ಕೂಗಲು ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಇಳಿದರೆ ಅವರಿಗೂ ಇದೇ ಕೋಣೆ. ಅದನ್ನು ಅವರ ಪರವಾಗಿ ಅವಳು ಹೇಳುವ ಹಾಗಿರಲಿಲ್ಲ. ಅಭ್ಯಾಸಬಲದಿಂದ ಎಣಿಸಿದಳು. ಸೂಪರ್‌ವೈಸರ್ ಒಂದು, ಎರಡು, ಮೂರು, ನಾಲ್ಕು.

ಕಬ್ಬಿಣದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಒಂದು ಜೊತೆ, ಆಮೇಲೆ ಒಂದರ ಹಿಂದೊಂದು. ಬುಡದಲ್ಲಿ ಆ ಪರಿಚಿತ ದನಿ ಏರಿತು.

"ಯಾರು ಹೇಳಿದ್ದು ಇಳಿಯೋಕೆ? ಆಕೆ ಈಗ ಮೇಲಿಲ್ಲವಲ್ಲ?"

"ಯಾರೂ ಹೇಳಿಲ್ಲ ಸಾರ್," ಎಂದಳು ದೊಡ್ಡಕ್ಕ. "ಇಪ್ಪತ್ತನಾಲ್ಕು ಸಲ ನಿಮ್ಮನ್ನೇ ಕರೆದ್ವಿ. ನೀವು ಬರಲಿಲ್ಲ, ಗುಡುಗು ಬಂತು."

"ವಿಂಗಡಣೆ ಕೋಣೆಗೆ ಹಾಕ್ತೀನಿ ಎಲ್ರನ್ನೂ."

"ಹಾಕಿ ಸಾರ್. ಮೇಲೆ ಬಟ್ಟೆ ನೀವೇ ಹರವಿಕೊಳ್ಳಿ. ನಾವು ಕೆಳಗಿಂದ ಎಣಿಸ್ತೀವಿ."

ಗಿಣಿ ಕಿಸಕ್ಕನೆ ನಕ್ಕದ್ದು ಗೋಡೆಯಾಚೆ ಕೇಳಿತು. ಸೂಪರ್‌ವೈಸರ್ ಏನಂದರೋ ಕೇಳಿಸಲಿಲ್ಲ. ಮತ್ತೆ ಮೆಟ್ಟಿಲು ಹತ್ತಿದ ಸದ್ದಂತೂ ಬರಲಿಲ್ಲ.

ಅವಳು ಸೊಂಟದ ಪುಸ್ತಕ ತೆಗೆದಳು. 'ಕಂಡದ್ದು' ಎಂಬ ಕಾಲಂ ನೋಡಿ ಪೆನ್ಸಿಲು ತಡವರಿಸಿತು. ಆ ಪದದ ಮೇಲೆ ಸ್ಕೇಲಿಟ್ಟಂತೆ ನೆಟ್ಟಗೆ ಒಂದು ಗೆರೆ ಎಳೆದು, ಮೇಲೆ 'ಕೇಳಿದ್ದು' ಎಂದು ಬರೆದಳು. ಆಮೇಲೆ ಒಂದೊಂದಾಗಿ ತುಂಬಿದಳು. ಗುರುವಾರ. ದಿಕ್ಕು ಗೊತ್ತಿಲ್ಲ. ಇಪ್ಪತ್ತನಾಲ್ಕು. ಮಳೆ ಗೊತ್ತಿಲ್ಲ. ಇಳಿದವರು ಐದು ಜನ.

ಚಪ್ಪಲಿ ಸದ್ದನ್ನು ಸರಿಯಾಗಿ ಎಣಿಸಿದೆನೇ ಎಂದು ಅನುಮಾನ ಬಂತು. ಬಾಗಿಲು ತೆಗೆದು ಮೆಟ್ಟಿಲ ಬುಡದಲ್ಲಿ ಕೂತವರನ್ನು ಒಬ್ಬೊಬ್ಬರಾಗಿ ನೋಡಿದಳು. ಐದೇ ಇದ್ದರು.